ಹೆಸರು ಕೊರೆದ ಡಬ್ಬಿ

ನವಸಾಗರದ ಹೊಗೆ, ಹೌದು ಅದೇ, ಕಣ್ಣಿಗೆ ಚುರುಗುಟ್ಟಿ ಮೂಗಿನ ಮೇಲ್ಗಡೆ ಸ್ವಲ್ಪ ಹೊತ್ತು ಕೂತು ಆಮೇಲೆ ಗಂಟಲಿಗೆ ಇಳಿಯುವ ವಾಸನೆ, ಬಸ್ಸಿನ ಕಿಟಕಿಯಿಂದ ಬಂತೋ ನನ್ನೊಳಗಿಂದಲೇ ಎದ್ದಿತೋ — ರಸ್ತೆ ಪಕ್ಕ ಯಾರೋ ವೆಲ್ಡಿಂಗ್ ಮಾಡುತ್ತಿದ್ದಾರೆ ಅಷ್ಟೆ, ಈಗ ಕಲಾಯಿ ಯಾರು ಹಾಕಿಸುತ್ತಾರೆ, ಆದರೂ ಅಪ್ಪನ ಪಾತ್ರೆ ಅಂಗಡಿಯ ಹಿತ್ತಲು ಕಣ್ಣ ಮುಂದೆ ಬಂತು, ಕಲಾಯಿ ಸಾಬರು ತಿದಿ ಒತ್ತುತ್ತಾ ಹಿತ್ತಾಳೆ ಕೊಳಗವನ್ನು ಕೆಂಡದ ಮೇಲೆ ತಿರುಗಿಸುತ್ತಾರೆ, ತವರ ಮುಟ್ಟಿಸುತ್ತಾರೆ, ನವಸಾಗರದ ಪುಡಿ ಎರಚಿದರೆ ಬುಸ್ಸೆಂದು ಬಿಳಿ ಹೊಗೆ, ಅರಳೆಯಿಂದ ಒಂದು ಸಲ ಉಜ್ಜಿದರೆ ಒಳಗೆಲ್ಲ ಬೆಳ್ಳಿ, ನಾನು ಏಳು ವರ್ಷದವಳು, ಹೊಗೆ ಏಳುವ ಮೊದಲು ಅವರು ಹಿಂದಕ್ಕೋಗಮ್ಮ ಮಗಳೇ ಎನ್ನುತ್ತಿದ್ದರು, ಪ್ರತಿ ಸಲವೂ, ಒಂದು ದಿನವೂ ಮರೆತವರಲ್ಲ. ಆಮೇಲೆ ಸ್ಟೀಲು ಬಂತು, ಸಾಬರು ಬರುವುದು ಕಡಿಮೆಯಾಯಿತು, ಅಪ್ಪ ಸಣ್ಣ ಉಳಿ ಸಣ್ಣ ಸುತ್ತಿಗೆ ಹಿಡಿದು ಪಾತ್ರೆಯ ಮೇಲೆ ಕೊಂಡವರ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುವುದು ಕಲಿತರು, ಟಿಕ್ ಟಿಕ್ ಟಿಕ್, ಹೆಸರಿರೋ ಪಾತ್ರೆ ಯಾವ ಮನೆಗೋದ್ರೂ ತಿರುಗಿ ಬತ್ತದೆ ಕಣಮ್ಮ ಎನ್ನುತ್ತಿದ್ದರು, ಅವ್ವನ ಮಾತು ಬೇರೆ, ಬಂದ ಪಾತ್ರೇನ ಬರಿದು ಕಳಿಸಬಾರ್ದು, ಏನೂ ಇಲ್ಲದಿದ್ರೆ ಒಂದು ಚೂರು ಬೆಲ್ಲನಾದ್ರೂ ಹಾಕು. ನಾನು ಬಿ.ಎ. ಪಾಸಾದಾಗ ಅಪ್ಪ ಎರಡು ಅಂತಸ್ತಿನ ಊಟದ ಡಬ್ಬಿ ಕೊಟ್ಟರು, ಮುಚ್ಚಳದ ಮೇಲೆ ದಾಕ್ಷಾಯಣಿ ಬಿ.ಎ. ಎಂದು ಕೊರೆದು, ಅಯ್ಯೋ ಬಿ.ಎ. ಯಾಕಪ್ಪ ಎಂದರೆ, ಓದಿರೋದು ಸಾರಿಗೂ ಗೊತ್ತಾಗ್ಲಿ ಬುಡು, ಆ ಖುಷಿಯಲ್ಲಿ ಕೈ ಭಾರವಾಗಿ ಬಿ ಪಕ್ಕದ ಚುಕ್ಕೆ ಜೋರಾಗಿ ಬಿದ್ದು ತೂತೇ ಆಗಿಬಿಟ್ಟಿತು, ಬಿಸಿ ಸಾರು ತುಂಬಿದರೆ ಆ ಸೂಜಿ ತೂತಿನಿಂದ ಆವಿ ಸಣ್ಣಗೆ ದಾರದ ಹಾಗೆ ಏಳುತ್ತಿತ್ತು, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು, ನೋಡ್ರೀ ದಾಕ್ಷಾಯಣಿಯವರ ರೈಲು ಬಂತು.

ಅಜ್ಜಿ ಹೂಟಗಳ್ಳಿನಾ, ಹಿನಕಲ್ ದಾಟಿದ್ಮೇಲೆ ನಾನೇ ಹೇಳ್ತೀನಿ ಕುಂತ್ಕಳಿ, ಕಂಡಕ್ಟರ್ ಹುಡುಗನಿಗೆ ನನ್ನ ಮುಖದಲ್ಲಿ ಏನು ಕಂಡಿತೋ, ಮೂರು ಸಲ ಹೇಳಿದ, ಪಕ್ಕದ ಹುಡುಗಿ ಕೇಳದೆಯೇ ನನ್ನ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು, ಚೀಲದಲ್ಲಿ ಕನ್ನಡಕ, ಕರವಸ್ತ್ರ, ವಿಳಾಸದ ಚೀಟಿ, ಬೇರೇನೂ ಇಲ್ಲ, ಬೆಳಿಗ್ಗೆಯೆಲ್ಲ ಯೋಚಿಸಿದೆ ಇಂಥ ಮನೆಗೆ ಏನು ತೆಗೆದುಕೊಂಡು ಹೋಗುವುದು ಎಂದು, ಹಣ್ಣೇ, ಹೂವೇ, ಯಾವುದನ್ನು ಹಿಡಿದರೂ ಕೈಗೆ ಸುಳ್ಳು ಹಿಡಿದ ಹಾಗೆ, ಕಡೆಗೆ ಬರಿಗೈಯಲ್ಲೇ ಜಯಲಕ್ಷ್ಮಿಪುರಂನಿಂದ ಹೊರಟೆ. ಇನ್ನು ಐದು ದಿನ, ಜನವರಿ ಇಪ್ಪತ್ತಾರಕ್ಕೆ ಮೌಳಿಗೆ ಬಿಡುಗಡೆ, ಸನ್ನಡತೆ ಎಂದು ಬರೆದಿದ್ದಾರಂತೆ, ಹದಿನಾಲ್ಕು ವರ್ಷ, ಅಕ್ಕ ಇದ್ದಿದ್ದರೆ ವನವಾಸ ಎನ್ನುತ್ತಿದ್ದಳು, ಮಗ ಒಳಗೆ ಹೋದ ಮೂರನೇ ವರ್ಷಕ್ಕೇ ಹೋಗಿಬಿಟ್ಟಳು, ಆಮೇಲೆ ಅವನನ್ನು ನೋಡಲು ಜೈಲಿಗೆ ಹೋಗುತ್ತಿದ್ದವಳು ಚಿಕ್ಕಮ್ಮನಾದ ನಾನೊಬ್ಬಳೇ, ಹೋದ ವಾರ ಜಾಲರಿಯ ಆಚೆ ನಿಂತು, ತಲೆಯೆಲ್ಲ ನರೆತಿದೆ ಅವನಿಗೆ, ನಲವತ್ತೂ ತುಂಬಿಲ್ಲ, ಚಿಕ್ಕಮ್ಮ, ಅವರ ಮನೆಗೆ ಒಂದು ಸಲ ಹೋಗಿ ಬರ್ತೀರಾ, ನಾನು ಬಾಗಿಲವರೆಗೆ ಬರಬಹುದಾ ಕೇಳ್ತೀರಾ, ಕ್ಷಮಿಸಿ ಅಂತ ಕೇಳೋಕಲ್ಲ, ಬರಬಹುದಾ ಅಂತ, ಅಷ್ಟೆ. ಅವರ ಮನೆ ಎಂದರೆ ಕಾವಲುಗಾರ ಸಿದ್ದಪ್ಪಾಜಿಯ ಮನೆ, ಮೌಳಿ ಮತ್ತು ಅವನ ಮೂವರು ಗೆಳೆಯರು ಸ್ಪ್ರಿಂಗ್ ಫ್ಯಾಕ್ಟರಿಯ ಆಫೀಸಿನಲ್ಲಿ ಇಟ್ಟ ಬಾಂಬಿಗೆ ಸತ್ತ ಸಿದ್ದಪ್ಪಾಜಿಯ ಮನೆ, ಈಗ ಅವನ ಹೆಂಡತಿ ಚಿಕ್ಕಮಾದಮ್ಮನ ಮನೆ, ಕೇಳಿ ಬರ್ತೀನಿ ಮೌಳಿ ಎಂದುಬಿಟ್ಟೆ, ಆದರೆ ಕೇಳುವುದಕ್ಕೆ ಮೊದಲು ಹೇಳಬೇಕಾದದ್ದೊಂದಿದೆಯಲ್ಲ, ಕೋರ್ಟಿನಲ್ಲಿ ಅವನೂ ಹೇಳಲಿಲ್ಲ, ನನ್ನ ಹೆಸರು ಬರಬಾರದೆಂದು, ನಾನೂ ಹೇಳಲಿಲ್ಲ, ಯಾಕೆಂದು ನನಗೇ ಗೊತ್ತು, ಹೆದರಿಕೆ, ಬರೀ ಹೆದರಿಕೆ.

ಮೂವತ್ತೊಂದು ವರ್ಷ ಹುಡುಗಿಯರಿಗೆ ಫ್ರೆಂಚ್ ಕ್ರಾಂತಿ ಪಾಠ ಮಾಡಿದೆ, ಕಾರಣಗಳು, ಪರಿಣಾಮಗಳು, ಹತ್ತು ಅಂಕಗಳು, ಮೌಳಿ ಗಂಗೋತ್ರಿಯ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದಲು ಬಂದು ನನ್ನ ಮನೆಯಲ್ಲಿದ್ದ ಆ ಎರಡು ವರ್ಷ, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದರೆ ಎದುರು ಕೂತು ಓದಿ ನಗುತ್ತಿದ್ದ, ಚಿಕ್ಕಮ್ಮ, ಈ ಹುಡುಗಿ ಬಾಸ್ಟೀಲ್ ಸೆರೆಮನೆ ಬೀಳಿಸೋದಕ್ಕೆ ಒಂದೂವರೆ ಪುಟ ತಗೊಂಡಿದ್ದಾಳೆ, ನೀವು ಆರು ಅಂಕ ಕೊಟ್ಟಿದ್ದೀರಿ, ಬೀಳಿಸಿದ್ದಿದ್ರೆ ಎಷ್ಟು ಕೊಡ್ತಿದ್ರಿ, ನಾನೂ ನಕ್ಕೆ, ಆ ನಗು ಈಗ ಎಷ್ಟು ಸಲ ನೆನಪಾಗುತ್ತದೋ. ಒಳ್ಳೆಯ ಹುಡುಗ, ಕಸ ಗುಡಿಸುವವಳ ಮಗುವಿಗೆ ಜ್ವರ ಬಂದರೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವವನು, ಒಳ್ಳೆಯವನೇ ಎಂದೇ ನಾನು ಅವನ ಗೆಳೆಯರ ಮಾತನ್ನು ಬಾಗಿಲಾಚೆಯಿಂದ ಕೇಳಿಯೂ ಕಾಫಿ ಮಾಡಿ ಕೊಟ್ಟೆ, ಜನ ಹೆದರಿಕೊಂಡಿದ್ದಾರೆ ಚಿಕ್ಕಮ್ಮ, ಒಂದು ಸಲ ದೊಡ್ಡ ಸದ್ದಾದ್ರೆ ಎದ್ದು ನಿಲ್ತಾರೆ, ಯಾರಾದ್ರೂ ಮೊದಲು ಕಡ್ಡಿ ಗೀರಬೇಕಲ್ಲ, ಆಗ ನಾನೇನು ಹೇಳಿದೆ, ಸಕ್ಕರೆ ಸಾಕಾ ಎಂದೆ, ಬೆಂಕಿಯೊಂದಿದ್ದರೆ ಅನ್ನ ಆಗುವುದಿಲ್ಲ ಮೌಳಿ, ಪಾತ್ರೆ ಬೇಕು, ನೀರು ಬೇಕು, ಕಾಯುವುದಕ್ಕೆ ಹೊತ್ತು ಬೇಕು ಎಂದು ಹೇಳಬಹುದಿತ್ತು, ಪಾತ್ರೆ ಅಂಗಡಿಯವರ ಮಗಳಲ್ಲವೇ, ಆದರೆ ಇಂಥ ಮಾತೆಲ್ಲ ಹದಿನಾಲ್ಕು ವರ್ಷ ತಡವಾಗಿ ಬಸ್ಸಿನಲ್ಲಿ ಹೊಳೆಯುತ್ತವೆ, ಪಕ್ಕದ ಹುಡುಗಿ ನಿದ್ದೆ ಹೋಗಿದ್ದಾಳೆ, ನನ್ನ ಚೀಲವನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದಾಳೆ.

ಫ್ಯಾಕ್ಟರಿಯ ಇನ್ನೂರ ಎಂಬತ್ತು ಜನ ಕೆಲಸಗಾರರು, ಐವತ್ತಮೂರು ದಿನ, ಗೇಟಿನ ಎದುರು ಚಪ್ಪರ ಹಾಕಿ ಕೂತಿದ್ದರು, ಕೆಲಸದಿಂದ ತೆಗೆದವರನ್ನು ವಾಪಸ್ಸು ತಗೊಳ್ಳಿ ಎಂದು, ಅಷ್ಟೇ ಕೇಳಿದ್ದು, ಮಂಗಳವಾರ ಕಂಪನಿಯವರು ಮಾತುಕತೆಗೆ ಕರೆದಿದ್ದರು, ಬಾಂಬು ಸಿಡಿದದ್ದು ಭಾನುವಾರ. ಯೂನಿಯನ್ನಿನ ಸಿದ್ದಮಲ್ಲಪ್ಪನವರು ಆಮೇಲೆ ಒಂದು ದಿನ ನಮ್ಮ ಮನೆಗೆ ಬಂದರು, ಬೈಯಲು ಬಂದರೆಂದು ನಾನು ನಿಂತೇ ಇದ್ದೆ, ಕೂರಿ ಮೇಡಮ್ಮೋರೆ ಎಂದು ನನ್ನ ಮನೆಯಲ್ಲೇ ನನ್ನನ್ನು ಕೂರಿಸಿದರು, ಐವತ್ಮೂರು ದಿವ್ಸ ಕುಂತಿದ್ವಿ ಕಣ್ರೀ, ಎದುರುಗಡೆ ಹೋಟ್ಲೋನು ದಿನಾ ಒಂದು ಕೊಳಗ ಚಿತ್ರಾನ್ನ ತಂದು ಮಡುಗ್ತಿದ್ದ, ಕಾವಲಿಗಿದ್ದ ಪೊಲೀಸ್ನೋರೇ ನಮ್ ಚಪ್ಪರಕ್ಕೆ ಬಂದು ನೀರು ಕುಡ್ಕಂಡು ಓಯ್ತಿದ್ರು, ಊರೇ ನಮ್ ಕಡೆ ಇತ್ತು, ಭಾನುವಾರ ಮಧ್ಯಾಹ್ನದ ಮೇಲೆ ಒಬ್ರೂ ಬಾಗ್ಲು ತೆಗೀಲಿಲ್ಲ, ಯಾಕೆ ತೆಗ್ದಾರು, ಅವ್ರ ಮನೇಲೂ ಮಕ್ಳವೆ. ಸೋಮವಾರ ಪೊಲೀಸರು ಚಪ್ಪರ ಕಿತ್ತರು, ಮನೆ ಮನೆ ನುಗ್ಗಿದರು, ಸಿದ್ದಮಲ್ಲಪ್ಪನವರ ಎಡಗೈ ಅಂದಿನಿಂದ ಮೇಲಕ್ಕೆ ಏಳುವುದಿಲ್ಲ, ಮೂರು ತಿಂಗಳಲ್ಲಿ ಆಫೀಸನ್ನು ಹೊಸದಾಗಿ ಕಟ್ಟಿಸಿದರಂತೆ, ಗೋಡೆ ಎರಡರಷ್ಟು ಎತ್ತರ, ಒಳಗೆ ಕಾಂಟ್ರಾಕ್ಟಿನ ಕೆಲಸದವರು, ಮ್ಯಾನೇಜರಿಗೆ ಕಾರಿನ ಗಾಜೂ ಒಡೆಯಲಿಲ್ಲ, ಭಾನುವಾರ ಅವನು ಊರಲ್ಲೇ ಇರಲಿಲ್ಲ. ಜನ ಎದ್ದು ನಿಲ್ಲಲಿ ಎಂದನಲ್ಲ ಮೌಳಿ, ಅವರು ಎದ್ದು ನಿಲ್ಲಬೇಕಾಗಿರಲಿಲ್ಲ, ಕೂತಿದ್ದೇ ಅವರ ಬಲವಾಗಿತ್ತು, ಎದ್ದರು, ಹೌದು, ಎದ್ದು ಓಡಿದರು.

ಯಾರೂ ಸಾಯಬಾರದು ಎಂದು ನಾಲ್ವರೂ ಲೆಕ್ಕ ಹಾಕಿದ್ದರು, ಎಷ್ಟು ಜೋಪಾನವಾಗಿ, ಅದನ್ನು ಮೌಳಿ ಆಮೇಲೆ ಜಾಲರಿಯಾಚೆಯಿಂದ ಹೇಳಿದ, ಆ ವಾರವೆಲ್ಲ ಅವನು, ಚಿಕ್ಕಮ್ಮ, ಒಬ್ಬ ಕಾವಲುಗಾರನಿದ್ದಾನೆ, ಒಬ್ಬನೇ ಇರ್ತಾನೆ, ಅವನಿಗೊಂದು ಡಬ್ಬಿ ಕಟ್ಟಿ ಎಂದಾಗ ನಾನು ಸಂತೋಷದಿಂದ ಕಟ್ಟಿಕೊಟ್ಟೆ, ಚಿತ್ರಾನ್ನ, ಮೊಸರನ್ನ, ಒಂದು ದಿನ ಪುಳಿಯೋಗರೆ, ಸಂಜೆ ಡಬ್ಬಿ ತೊಳೆದು ವಾಪಸ್ಸು ಬರುತ್ತಿತ್ತು, ಬರಿದಲ್ಲ, ಒಂದು ದಿನ ಒಳಗೆ ಎರಡು ಸೀಬೆಹಣ್ಣು, ಒಂದು ದಿನ ಹಿಡಿ ಅವರೆಕಾಯಿ, ಅವ್ವನ ಮಾತು ಸಿದ್ದಪ್ಪಾಜಿಯ ಅವ್ವನಿಗೂ ಗೊತ್ತಿತ್ತಲ್ಲ ಎಂದುಕೊಂಡೆ, ಸೀಬೆಹಣ್ಣನ್ನು ಮೌಳಿ ತಿನ್ನಲಿಲ್ಲ, ಮೇಜಿನ ಮೇಲೆ ಕೊಳೆಯಿತು. ಊಟ ಬಂದರೆ ಸಿದ್ದಪ್ಪಾಜಿ ಹಿಂದಿನ ಹೊಂಗೆ ಮರದಡಿ ಹೋಗುತ್ತಾನೆ, ಅರ್ಧ ಗಂಟೆ ಬರುವುದಿಲ್ಲ, ಆರು ದಿನ ನೋಡಿದ್ದರು, ಭಾನುವಾರ ಆಫೀಸಿಗೆ ರಜೆ, ಮಧ್ಯಾಹ್ನ ಒಂದೂಕಾಲಿಗೆ ಸಿಡಿಸುವುದು ಎಂದು ಗೊತ್ತುಮಾಡಿದ್ದರು. ಶನಿವಾರ ಸಂಜೆ ಮೌಳಿ ನನ್ನ ಎದುರು ಕೂತು ನೆನೆಸಿದ ಅವರೆ ಹಿತಕಿದ, ಬೆರಳಿನಿಂದ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ, ಪುಳಕ್ ಪುಳಕ್, ಎರಡು ಸೇರು ಕಾಳು, ಎಂಥ ಸಹನೆ ಆ ಬೆರಳುಗಳಿಗೆ, ನಾಳೆ ಭಾನುವಾರ, ಆ ಮನುಷ್ಯನಿಗೂ ಹಬ್ಬದ ಊಟ ಆಗ್ಲಿ ಎಂದೆ ನಾನು, ಹಿತಕಿದ ಬೇಳೆ ಸಾರು, ಒತ್ತುಶ್ಯಾವಿಗೆ, ತುಪ್ಪ ಒಂದು ಚಮಚ ಹೆಚ್ಚೇ ಹಾಕಿದೆ, ಮುಚ್ಚಳದ ತೂತಿನಿಂದ ಆವಿ ಏಳುತ್ತಿತ್ತು, ಮೌಳಿ ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದುಕೊಂಡು ಹೋದ. ಅವನು ಯಾಕೆ ಅವತ್ತು ಮರದಡಿ ಹೋಗಲಿಲ್ಲ ಚಿಕ್ಕಮ್ಮ, ಹದಿನಾಲ್ಕು ವರ್ಷದಿಂದ ಇದೊಂದೇ ಪ್ರಶ್ನೆ, ಊಟ ಇತ್ತಲ್ಲ, ಊಟ ಕೈಗೆ ಕೊಟ್ಟೇ ಬಂದಿದ್ದೆನಲ್ಲ.

ಮನೆ ಶೋಧಿಸಲು ಬಂದಾಗ ಹಾಲು ಉಕ್ಕುತ್ತಿತ್ತು, ಅಡುಗೆಮನೆಗೆ ನುಗ್ಗಿದ ಮಹಿಳಾ ಪೇದೆ ಮೊದಲು ಮಾಡಿದ ಕೆಲಸ ಗ್ಯಾಸ್ ಆರಿಸಿದ್ದು, ಸೆರಗಿನಿಂದಲೇ ಪಾತ್ರೆ ಇಳಿಸಿ, ಆಮೇಲೆ ಡಬ್ಬಗಳನ್ನು ಬೋರಲು ಹಾಕತೊಡಗಿದಳು, ಅವಳನ್ನು ನಾನು ಮರೆತಿಲ್ಲ, ನಾನು ಕಪಾಟಿನಲ್ಲಿ ಒಂದು ಖಾಲಿ ಜಾಗವನ್ನೇ ನೋಡುತ್ತಿದ್ದೆ, ಎರಡು ಅಂತಸ್ತಿನ ಡಬ್ಬಿ ಇರುತ್ತಿದ್ದ ಜಾಗ, ಅದು ಅವರಿಗೆ ಸಿಕ್ಕಿದೆಯೇ, ಚೂರಾಗಿದೆಯೇ, ಹೆಸರಿರೋ ಪಾತ್ರೆ ತಿರುಗಿ ಬತ್ತದೆ ಕಣಮ್ಮ, ಎಷ್ಟು ವರ್ಷ ಬೆಚ್ಚಿ ಎದ್ದಿದ್ದೇನೆ ಆ ಮಾತಿಗೆ. ಕೋರ್ಟಿನಲ್ಲೂ ಬರಲಿಲ್ಲ, ಮೇಜಿನ ಮೇಲೆ ಸುಟ್ಟ ತಗಡು, ತಂತಿ, ಮುರಿದ ಕುರ್ಚಿಯ ಕೈ, ಡಬ್ಬಿ ಇಲ್ಲ, ನನ್ನ ಹೆಸರು ಕೂಗಿದರು, ಆರೋಪಿ ನಿಮ್ಮ ಮನೆಯಲ್ಲಿದ್ದನೇ, ಇದ್ದ, ಅಷ್ಟೇ ಕೇಳಿದರು, ಅಷ್ಟೇ ಹೇಳಿದೆ, ಈಚೆ ಬಂದೆ, ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಸರಿದು ಜಾಗ ಕೊಟ್ಟಳು, ಕುಂತ್ಕಳಿ ಅಮ್ಮೋರೆ, ಕೂತೆ, ಆಮೇಲೆ ಗೊತ್ತಾಯಿತು ಅವಳೇ ಚಿಕ್ಕಮಾದಮ್ಮ ಎಂದು, ನಾನು ಯಾರೆಂದು ತಿಳಿಯದೆ ಜಾಗ ಕೊಟ್ಟಳು ಪಾಪ ಎಂದುಕೊಂಡೆ. ಅಜ್ಜೀ ಹೂಟಗಳ್ಳಿ, ನಿಧಾನಕ್ಕೆ ಇಳೀರಿ, ಏಯ್ ಡ್ರೈವರಣ್ಣ ಎಳೀಬ್ಯಾಡ ತಡಿ, ಅಜ್ಜಿ ಇಳೀತಾವ್ರೆ.

ಹುಣಸೆಮರ, ಹಾಲಿನ ಡೈರಿ, ಎಡಕ್ಕೆ ಮೂರನೇ ಮನೆ, ನುಗ್ಗೆಗಿಡ ಇದೆ, ಸಿದ್ದಮಲ್ಲಪ್ಪನವರು ಬಲಗೈಯಲ್ಲಿ ಬರೆದುಕೊಟ್ಟ ಚೀಟಿ, ಗೇಟು ಹಾಕಿದ ಹೊಸ ಮನೆಗಳ ನಡುವೆ ಒಂದು ಶೀಟಿನ ಮನೆ, ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ, ಅವಳೇ, ಕೂದಲು ಬೆಳ್ಳಗಾಗಿದೆ, ಮುಖ ಅದೇ, ತಲೆ ಎತ್ತಿ ನೋಡಿದಳು, ಕಣ್ಣಲ್ಲಿ ಆಶ್ಚರ್ಯವೇ ಇಲ್ಲ, ಬನ್ನಿ ಕುಂತ್ಕಳಿ ಎಂದು ಮೊರ ಪಕ್ಕಕ್ಕೆ ಎಳೆದಳು. ಒಳಗೆ ಅವರೆಯ ಸೊಗಡಿನ ವಾಸನೆ, ಒಲೆಯ ಮೇಲೆ ಸಾರು, ಗೋಡೆಯಲ್ಲಿ ಬುದ್ಧನ ಕ್ಯಾಲೆಂಡರು, ಪಕ್ಕದಲ್ಲಿ ಸಿದ್ದಪ್ಪಾಜಿಯ ಫೋಟೋ, ಒಲೆಯ ಪಕ್ಕ ತೊಳೆದು ಬೋರಲು ಹಾಕಿದ ಎರಡು ತಟ್ಟೆ, ಒಣಗಿವೆ, ಅವಳದು ಮತ್ತು ಮಗಳದು ಇರಬೇಕು, ದೊಡ್ಡೋಳು ಗಂಡನ ಮನೇಲವ್ಳೆ, ಚಿಕ್ಕೋಳು ಯಶೋಧಾ ನರ್ಸಿಂಗ್ ಓದ್ತಾವ್ಳೆ, ಈಗ ಬತ್ತಾಳೆ ಉಣ್ಣಾಕೆ ಎಂದಳು, ಅವಳು ಸುಲಿಯುತ್ತಿದ್ದಳು, ಸುಮ್ಮನೆ ಕೂರಲಾರದೆ ನಾನೂ ಒಂದು ಹಿಡಿ ತೆಗೆದುಕೊಂಡೆ, ಸಿಪ್ಪೆ ಆಕಡೆ, ಕಾಳು ಈಕಡೆ, ಎಷ್ಟು ಕಾಯಿ ಸುಲಿದೆವೋ, ಹುಳುಕು ಬಂದ್ರೆ ಬಿಸಾಕಿ ಅಮ್ಮೋರೆ ಎಂದಳು, ಬಿಸಾಕಿದೆ, ಆಮೇಲೆ ಬಾಯಿ ತೆರೆಯಿತು, ಚಿಕ್ಕಮಾದಮ್ಮ, ಅವತ್ತಿನ ಊಟ ನಮ್ಮ ಮನೆಯದು, ನಾನೇ ಕಟ್ಟಿಕೊಟ್ಟಿದ್ದು, ಯಾಕೆ ಅಂತ ನನಗೆ ಗೊತ್ತಿರಲಿಲ್ಲ, ಆದರೆ ಅಡುಗೆ ನನ್ನದು, ಇಷ್ಟು ವರ್ಷ ಹೇಳಲಿಲ್ಲ ನಿಮಗೆ.

ಗೊತ್ತು ಬುಡಿ ಎಂದಳು, ಕೈ ನಿಲ್ಲಲಿಲ್ಲ. ಡಬ್ಬಿ ಮೇಲೆ ಹೆಸ್ರಿತ್ತಲ್ಲ. ಅವತ್ತು ನಾನು ಬೋರ್‌ವೆಲ್ ತಾವ ನೀರಿಗೆ ಬಂದಿದ್ದೆ, ಗೇಟಿಂದ ಕೂಗುದ್ನು, ಏಯ್ ಮಾದಿ ಬಾ ಇಲ್ಲಿ, ಹಿತಕಿದ ಬೇಳೆ ಕಣೇ, ಶ್ಯಾವ್ಗೆ, ತುಪ್ಪ ಬೇರೆ, ಮಕ್ಳು ಇಂಥದ್ದು ಉಂಡಿಲ್ಲ, ಆರೋಕ್ ಮುಂಚೆ ತಗೊಂಡೋಗು ಅಂದ, ದಿನಾ ಚಿತ್ರಾನ್ನ ಬಂದ್ರೆ ಅವ್ನೇ ತಿಂದ್ಬುಡೋನು, ನೀನು ಉಂಡಾ ಅಂದೆ, ಉಂಡೆ ಓಗು ಅಂದ, ಉಂಡಿರ್ಲಿಲ್ಲ ಅಮ್ಮೋರೆ, ಮನೇಗೋಗಿ ನೋಡುದ್ರೆ ಎರಡು ಅಂತಸ್ತೂ ಭರ್ತಿ, ಮಕ್ಳು ಬೆಟ್ಟು ನೆಕ್ತಾ ಕುಂತಿದ್ವು, ಆಗ ಕೇಳುಸ್ತು ಸದ್ದು. — ಉಣ್ಣಲು ಏನೂ ಇಲ್ಲದ ಮೇಲೆ ಮರದಡಿ ಯಾಕೆ ಹೋಗುತ್ತಾನೆ, ಬಂದು ಆಫೀಸಿನ ಬಾಗಿಲಲ್ಲಿ ತನ್ನ ಕುರ್ಚಿಯ ಮೇಲೆ ಕೂತ, ಗೇಟಿನಿಂದ ಮರಕ್ಕೆ ಎಷ್ಟು ಹೆಜ್ಜೆ ಎಂದು ಆ ನಾಲ್ವರು ಅಳೆದಿದ್ದರು, ಎಷ್ಟು ನಿಮಿಷ ಎಂದು ಅಳೆದಿದ್ದರು, ಯಾರ ಪರವಾಗಿ ಕಡ್ಡಿ ಗೀರಿದರೋ ಅವರು ಒಳ್ಳೆಯ ಊಟ ಕೈಗೆ ಬಂದರೆ ಏನು ಮಾಡುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ, ನನಗೂ, ಚಿತ್ರಾನ್ನ ಕಟ್ಟಿದ್ದರೆ ಬದುಕುತ್ತಿದ್ದ, ಒಂದು ಚಮಚ ತುಪ್ಪ ಹೆಚ್ಚು, ಪುಳಕ್ ಪುಳಕ್, ಮೌಳಿಯ ಬೆರಳು, ಕೈಯಲ್ಲಿದ್ದ ಅವರೆಕಾಯಿ ಬಿತ್ತು, ಅವಳು ಎತ್ತಿ ಸುಲಿದಳು. ಪೊಲೀಸ್ನೋರು ಕೇಳುದ್ರು, ಯಾರಾರ ಏನಾರ ತಂದು ಕೊಟ್ಟಿದ್ರಾ ಅಂತ, ಇಲ್ಲ ಅಂದೆ, ಯಶೋಧಾ ಆಗ ಎರಡ್ನೇ ಕ್ಲಾಸು, ಮುಚ್ಚಳದ ಮೇಲೆ ಬೆಟ್ಟು ಮಡಗಿ ಓದುದ್ಲು, ದಾಕ್ಷಾಯಣಿ ಬಿ.ಎ., ಹೆಣ್ಣೆಂಗ್ಸು ಹೆಸ್ರು, ಕೋರ್ಟಲ್ಲಿ ಕೂಗುದಾಗ ಮಕ ನೋಡ್ದೆ, ಅನ್ನ ಬೇಯ್ಸಿ ಕಳ್ಸಿದೋರ್ನ ಎಂಗೆ ಇಡ್ಕೊಡದು. ಬೆಂಚಿನಲ್ಲಿ ಸರಿದು ಜಾಗ ಕೊಟ್ಟಿದ್ದು ಹೆಸರು ಕೂಗಿದ ಮೇಲೆ, ಗೊತ್ತಿದ್ದೇ ಕೊಟ್ಟಿದ್ದು, ಕುಂತ್ಕಳಿ ಅಮ್ಮೋರೆ.

ಅವನು ಬರ್ತಾನೆ ಚಿಕ್ಕಮಾದಮ್ಮ, ಗುರುವಾರ ಬಿಡ್ತಾರೆ, ನಿಮ್ಮ ಬಾಗಿಲವರೆಗೆ ಬರಬಹುದಾ ಅಂತ ಕೇಳಿದ್ದಾನೆ, ಅಷ್ಟೆ, ಬೇರೇನೂ ಕೇಳಿಲ್ಲ. ಈಗ ಕೈ ನಿಂತಿತು, ಹೊಸ ಮನೆಯೊಂದರಲ್ಲಿ ಯಾರೋ ಮೋಟರು ಹಾಕಿದರು, ನೀರು ಏರುವ ಸದ್ದು. ಬ್ಯಾಡ ಅಮ್ಮೋರೆ ಎಂದಳು, ಕ್ವಾಪಕ್ಕಲ್ಲ, ಅವ್ನು ಬಂದು ಇಲ್ಲಿ ನಿಂತ್ಕಂಡ್ರೆ ನಾನು ಏನಾರ ಅನ್ಬೇಕಾಯ್ತದೆ, ನನ್ ತಾವ ಅನ್ನಾಕೆ ಏನೂ ಇಲ್ಲ, ಬರ್ಬ್ಯಾಡ ಅನ್ನಿ. ಸೆರಗಿನಿಂದ ಸಿಪ್ಪೆ ಕೊಡವಿ ಒಳಗೆ ಹೋದಳು, ಸರಿ, ಆಯಿತು, ಕೇಳಿದೆ, ಉತ್ತರ ಬಂತು, ಅವನಿಗೆ ಹೇಳಬೇಕು, ಜಾಲರಿ ಇಲ್ಲದೆ ಮೊದಲ ಸಲ ಎದುರು ನಿಲ್ಲುವವನಿಗೆ ಮೊದಲ ಮಾತೇ ಇದು, ಬರಬೇಡವಂತೆ ಮೌಳಿ, ಯಾಕೆ ಮರದಡಿ ಹೋಗಲಿಲ್ಲ ಎನ್ನುವುದನ್ನೂ ಹೇಳಬೇಕು, ಅದನ್ನು ಹೇಗೆ ಹೇಳುವುದು, ಎದ್ದು ಚಪ್ಪಲಿ ಹುಡುಕಿದೆ, ಬಿಸಿಲಿಗೆ ಕಾಯಬಾರದೆಂದು ಯಾವಾಗಲೋ ಅವಳು ಅದನ್ನು ನುಗ್ಗೆಗಿಡದ ನೆರಳಿಗೆ ಎತ್ತಿಟ್ಟಿದ್ದಾಳೆ, ಒಳಗೆ ಪಾತ್ರೆಯ ಸದ್ದು, ಸೌಟಿನ ಸದ್ದು, ಕ್ಲಿಪ್ಪು ಬೀಳುವ ಸದ್ದು — ಆ ಸದ್ದು ನನಗೆ ಗೊತ್ತು, ಕಾಲೇಜಿಗೆ ಹೊರಡುವಾಗ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಕೇಳಿದ ಸದ್ದು, ಎಡಗಡೆಯದು ಸಡಿಲ, ಎರಡು ಸಲ ಒತ್ತಬೇಕು, ಎರಡು ಸಲ ಒತ್ತಿದಳು. ಬಾಗಿಲಿಗೆ ಬಂದಳು, ಕೈಯಲ್ಲಿ ಡಬ್ಬಿ, ಹುಣಸೆಹಣ್ಣು ಹಾಕಿ ಬೆಳಗಿ ಬೆಳಗಿ ನುಣುಪಾಗಿದೆ, ಮುಚ್ಚಳ, ಅಂತಸ್ತು ಎತ್ತಿ ತೋರಿಸಿದಳು, ಮೇಲೆ ಅವರೆಕಾಳು ಸಾರು, ಕೆಳಗೆ ಮುದ್ದೆ, ಒಂದಲ್ಲ, ಎರಡು, ಮತ್ತೆ ಮುಚ್ಚಿದಳು, ನಿಮ್ಮ ಊಟ, ಯಶೋಧಾಳ ಊಟ ಎಂದೆ, ಉಂಡಾಯ್ತು ಓಗಿ ಎಂದಳು, ಅವಳ ಹಿಂದೆ ಆ ಎರಡು ತಟ್ಟೆ ಬೋರಲಾಗಿಯೇ ಇದ್ದವು, ಆಮೇಲೆ ಎರಡೂ ಕೈಯಿಂದ ನನ್ನ ಎರಡೂ ಕೈಗೆ ಇಟ್ಟಳು, ಬಿಸಿ, ತಳದ ಬಿಸಿ, ದಾಕ್ಷಾಯಣಿ, ಅಪ್ಪನ ಚುಕ್ಕೆಗಳು ಸವೆದಿವೆ, ಓದಬಹುದು, ಬಿ, ಬಿ ಪಕ್ಕದ ಚುಕ್ಕೆ, ಅಲ್ಲಿಂದ ಆವಿ, ದಾರದಷ್ಟು ಸಣ್ಣ ಆವಿ.